ಗರಿಯಾಹಾಟ್ ಅಂಗಡಿ ಮತ್ತು ಮೂರು ದಿನದ ಸಂಬಳ

ಕಲ್ಕತ್ತೆಯಲ್ಲಿರುವ ಕನ್ನಡದವರಿಗೆ ಗರಿಯಾಹಾಟ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನವರಿಗೆ ಹೇಳುವುದಾದರೆ, ಚಿಕ್ಕಪೇಟೆಯನ್ನೂ ಗಾಂಧಿಬಜಾರನ್ನೂ ತಂದು ಒಂದು ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಸುರಿದ ಹಾಗೆ ಅಂದುಕೊಳ್ಳಿ. ದುರ್ಗಾಪೂಜೆ ಹತ್ತಿರ ಬಂತೆಂದರೆ ಅಲ್ಲಿ ನಾವು ನಡೆಯುವುದಿಲ್ಲ, ಜನವೇ ನಮ್ಮನ್ನು ನಡೆಸಿಕೊಂಡು ಹೋಗುತ್ತದೆ. ಫುಟ್‌ಪಾತಿನ ಮೇಲೆ ಸೀರೆ, ಕುರ್ತಾ, ಮಕ್ಕಳ ಫ್ರಾಕು. ಹಿಂದೆ ದೊಡ್ಡ ದೊಡ್ಡ ಗಾಜಿನ ಅಂಗಡಿಗಳು.

ನಮ್ಮ ದೇಶದ ರೆಡಿಮೇಡ್ ಬಟ್ಟೆ ವ್ಯಾಪಾರದ ಒಂದು ದೊಡ್ಡ ಕಥೆ ಶುರುವಾಗಿದ್ದು ಇದೇ ಗರಿಯಾಹಾಟಿನಲ್ಲಿ. ಮುಗಿದದ್ದು ಮಾತ್ರ ಮುಂಬಯಿಯ ಎನ್‌ಸಿಎಲ್‌ಟಿ ಅನ್ನುವ ಕೋರ್ಟಿನಲ್ಲಿ. ನಡುವೆ ಎಷ್ಟು ಜನರ ಕೆಲಸ ಬಂತು, ಎಷ್ಟು ಜನರ ಕೆಲಸ ಹೋಯಿತು ಅನ್ನುವ ಲೆಕ್ಕವನ್ನು ಯಾರೂ ಸರಿಯಾಗಿ ಇಟ್ಟಂತಿಲ್ಲ. ಬ್ಯಾಂಕಿನವನಾದ ನಾನು ಸಾಲದ ಲೆಕ್ಕ ಕೇಳಿದರೆ ಪೈಸೆ ಸಮೇತ ಹೇಳಬಲ್ಲೆ. ಕೆಲಸದ ಲೆಕ್ಕ ನಮ್ಮ ಯಾವ ಫಾರಂನಲ್ಲೂ ಇರುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಹಳೆಯ ಕಥೆ. ಚೌರಂಗಿಯಲ್ಲಿ ಗುಮ್ಮಟ, ಗಡಿಯಾರ ಎಲ್ಲ ಇರುವ ಮೆಟ್ರೋಪಾಲಿಟನ್ ಬಿಲ್ಡಿಂಗ್ ಅಂತ ಒಂದು ಕಟ್ಟಡ ಇದೆ. ಈಗ ಎಲ್‌ಐಸಿಯದು. ಬ್ರಿಟಿಷರ ಕಾಲದಲ್ಲಿ ಅದು ವೈಟ್‌ಅವೇ ಲೇಡ್ಲಾ ಅನ್ನುವ ಭಾರಿ ಬಟ್ಟೆಬರೆ ಅಂಗಡಿ. 1882ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕಂಪನಿ, ಆಮೇಲೆ ದೇಶದ ಬೇರೆ ಊರುಗಳಿಗೂ, ಸಮುದ್ರದಾಚೆಗೂ ಹರಡಿತು. ಅವರ ವಿಶೇಷ ಏನು ಅಂದರೆ ನಗದು ವ್ಯಾಪಾರ. ಸಾಹೇಬರೆಲ್ಲ ಚೀಟಿ ಬರೆದು ಸಾಲದಲ್ಲಿ ಸಾಮಾನು ತರುತ್ತಿದ್ದ ಕಾಲದಲ್ಲಿ ಇವರು ಸಾಲ ಇಲ್ಲ ಅಂದರು. ಅಂಗಡಿಯ ಹೆಸರನ್ನೇ ತಿರುಚಿ 'ರೈಟ್ ಅವೇ ಅಂಡ್ ಪೇಯ್ಡ್ ಫಾರ್' ಅಂತ ಜನ ತಮಾಷೆ ಮಾಡುತ್ತಿದ್ದರಂತೆ. ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ 'ಇಂದು ನಗದು ನಾಳೆ ಉದ್ರಿ' ಅಂತ ಬೋರ್ಡ್ ಇರುತ್ತದಲ್ಲ, ಅದರ ಇಂಗ್ಲಿಷ್ ಅಣ್ಣ ಅನ್ನಿ. ಸ್ವಾತಂತ್ರ್ಯ ಬಂದ ಮೇಲೆ ಗಿರಾಕಿಗಳಾಗಿದ್ದ ಸಾಹೇಬರು ಹೋದರು, ಅವರ ಹಿಂದೆ ಅಂಗಡಿಯೂ ಹೋಯಿತು. ಗಿರಾಕಿ ಇಲ್ಲದೆ ಅಂಗಡಿ ಮುಚ್ಚುವುದು ಅರ್ಥವಾಗುವ ವಿಷಯ. ಮುಂದೆ ಹೇಳುವ ಅಂಗಡಿಗಳಲ್ಲಿ ಗಿರಾಕಿಗಳು ತುಂಬಿದ್ದರು. ಆದರೂ ಮುಳುಗಿದವು.

1996ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ 'ಆಪರೇಷನ್ ಸನ್‌ಶೈನ್' ಅಂತ ನಡೆಯಿತು. ಗರಿಯಾಹಾಟ್ ಮುಂತಾದ ಕಡೆ ರಾತ್ರೋರಾತ್ರಿ ಫುಟ್‌ಪಾತಿನ ಅಂಗಡಿಗಳನ್ನೆಲ್ಲ ಕಿತ್ತು ಹಾಕಿದರು. ಎಡರಂಗದ ಸರ್ಕಾರವೇ ಹಾಕರ್‌ಗಳನ್ನು ಎಬ್ಬಿಸಿತಲ್ಲ ಅಂತ ಊರೆಲ್ಲ ಮಾತು. ಇದಾಗಿ ಒಂಬತ್ತು ತಿಂಗಳಿಗೆ, 1997ರ ಆಗಸ್ಟಿನಲ್ಲಿ, ಕಿಶೋರ್ ಬಿಯಾನಿ ಅವರ ಮೊದಲ ಪ್ಯಾಂಟಲೂನ್ಸ್ ದೊಡ್ಡ ಅಂಗಡಿ ಗರಿಯಾಹಾಟಿನಲ್ಲಿ ಬಾಗಿಲು ತೆರೆಯಿತು. ಮುಂಬಯಿಯಲ್ಲಿ 1987ರಲ್ಲಿ ಪ್ಯಾಂಟ್ ಹೊಲಿದು ಮಾರುವ ಸಣ್ಣ ಕಂಪನಿಯಾಗಿ ಶುರುವಾದದ್ದು, ಕಲ್ಕತ್ತೆಗೆ ಬಂದು ಇಡೀ ಮನೆಮಂದಿಗೆ ಬಟ್ಟೆ ಮಾರುವ ಅಂಗಡಿಯಾಯಿತು.

ಆಗ ಅದೊಂದು ಹೊಸ ರೀತಿಯ ಕೆಲಸ ಕೂಡ ಆಗಿತ್ತು. ಅದಕ್ಕೆ ಮುಂಚೆ ಬಟ್ಟೆ ಅಂಗಡಿ ಕೆಲಸ ಅಂದರೆ ಗಾದಿಯ ಮೇಲೆ ಮಾಲೀಕರು, ಎದುರಿಗೆ ಥಾನು ಬಿಚ್ಚಿ ಮಡಚುವ ಗಂಡಸರು. ಈಗ ಯೂನಿಫಾರಂ ಹಾಕಿಕೊಂಡ ಹುಡುಗ ಹುಡುಗಿಯರು ಬಂದರು. ಪಿಯುಸಿ, ಡಿಗ್ರಿ ಮಾಡಿ ಮನೆಯಲ್ಲಿ ಕೂತಿದ್ದ ಕೆಳಮಧ್ಯಮ ವರ್ಗದ ಹೆಣ್ಣುಮಕ್ಕಳಿಗೆ ಟ್ಯೂಷನ್ ಹೇಳುವುದು ಬಿಟ್ಟು ಇನ್ನೊಂದು ದಾರಿ ಸಿಕ್ಕಿತು. ತಿಂಗಳ ಸಂಬಳ, ಪಿಎಫ್ ನಂಬರು, ಬ್ಯಾಂಕ್ ಖಾತೆ. ಆ ಕಾಲದಲ್ಲಿ ನಮ್ಮ ಬ್ರಾಂಚಿಗೆ ಖಾತೆ ತೆರೆಯಲು ಬರುತ್ತಿದ್ದ ಇಂಥ ಹುಡುಗಿಯರ ಮುಖ ನನಗೆ ಈಗಲೂ ನೆನಪಿದೆ. ಪಾಸ್‌ಬುಕ್ಕನ್ನು ಸರ್ಟಿಫಿಕೇಟಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು.

2001ರಲ್ಲಿ ಅದೇ ಬಿಯಾನಿ 22 ದಿನದಲ್ಲಿ ಮೂರು ಬಿಗ್ ಬಜಾರ್ ತೆರೆದರು. ಕಲ್ಕತ್ತೆ, ಹೈದರಾಬಾದ್, ನಮ್ಮ ಬೆಂಗಳೂರು. 2004ರಲ್ಲಿ ಬೆಂಗಳೂರಿನ ರೆಸಿಡೆನ್ಸಿ ರೋಡಿನಲ್ಲಿ, ಹಳೆಯ ವಿಕ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ, ಸೆಂಟ್ರಲ್ ಬಂತು. ಊರಿಗೆ ಹೋದಾಗ ಅಲ್ಲಿಗೆ ಹೋಗಿ 'ಇದು ನಮ್ಮ ಕಲ್ಕತ್ತೆಯ ಮಾಲು' ಅಂತ ತಮ್ಮನ ಹತ್ತಿರ ಜಂಬ ಕೊಚ್ಚಿದ್ದೂ ಉಂಟು!

ಇನ್ನೊಂದು ಅಂಗಡಿ ಅಪ್ಪಟ ಕಲ್ಕತ್ತೆಯದೇ. ರಾಮಚಂದ್ರ ಅಗರ್ವಾಲ್ ಅಂತ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಊರುಗೋಲು ಹಿಡಿದವರು. 1980ರ ದಶಕದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವರು ಆಮೇಲೆ ಬಟ್ಟೆ ವ್ಯಾಪಾರಕ್ಕೆ ಇಳಿದು, ಅಗ್ಗದ ಬಟ್ಟೆಯ ವಿಶಾಲ್ ರೀಟೇಲ್ ಕಟ್ಟಿದರು. ದೆಹಲಿಗೆ ಹೋಗಿ ದೇಶವೆಲ್ಲ ಹರಡಿದರು. 2007ರಲ್ಲಿ ಒಂದು ಷೇರಿಗೆ 270 ರೂಪಾಯಿಯಂತೆ ಜನರಿಂದ ದುಡ್ಡು ಎತ್ತಿದಾಗ ಜನ ಮುಗಿಬಿದ್ದು ಅರ್ಜಿ ಹಾಕಿದ್ದರು. ಮುಂದಿನ ವರ್ಷವೇ ಪ್ರಪಂಚದ ಹಣಕಾಸು ಕುಸಿಯಿತು. ವಿಶಾಲ್ ಮೇಲಿನ ಸಾಲ 700 ಕೋಟಿ ದಾಟಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಗಿರಾಕಿ ಇರುವ ಅಂಗಡಿ ಹೇಗೆ ಮುಳುಗುತ್ತದೆ? ನಾನು ಬಿಕಾಂನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಇದನ್ನು ಗೋಡೌನುಗಳಲ್ಲಿ ಕಲಿತೆ. ಪೂಜೆಗೆ ಮಾರುವ ಬಟ್ಟೆಗೆ ಅಂಗಡಿಯವರು ತಿಂಗಳುಗಟ್ಟಲೆ ಮುಂಚೆ ಆರ್ಡರ್ ಕೊಡಬೇಕು. ಸರಕಿನ ಮೇಲೆ ಬ್ಯಾಂಕು ಕ್ಯಾಶ್ ಕ್ರೆಡಿಟ್ ಕೊಡುತ್ತದೆ. ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಸರಕು ಎಷ್ಟಿದೆಯೋ ಅದರಲ್ಲಿ ಮಾರ್ಜಿನ್ ಕಳೆದು ಅಷ್ಟು ಸಾಲ. ವ್ಯಾಪಾರ ಬೆಳೆಯುತ್ತಿರುವಾಗ ಹೊಸ ಅಂಗಡಿ ತೆರೆದಷ್ಟೂ ಸರಕು ಹೆಚ್ಚು, ಸರಕು ಹೆಚ್ಚಿದಷ್ಟೂ ಸಾಲ ಹೆಚ್ಚು. ಮಾರಾಟ ಸ್ವಲ್ಪ ನಿಧಾನವಾದರೆ ಬಾಡಿಗೆ ಕಾಯುವುದಿಲ್ಲ, ಬಡ್ಡಿ ಕಾಯುವುದಿಲ್ಲ. ಆಗ ಮೊದಲು ನಿಲ್ಲುವುದು ಬಟ್ಟೆ ಕೊಟ್ಟವನ ಬಿಲ್ಲು. ನಮ್ಮ ಮೆಟಿಯಾಬುರುಜಿನ ದರ್ಜಿ ಕುಟುಂಬಗಳು, ಹೌರಾದ ಮಂಗಳಾಹಾಟಿನ ವ್ಯಾಪಾರಿಗಳು, ಇಂಥವರ ದುಡ್ಡು. ಅವರು ಸರಕು ಕೊಡುವುದು ನಿಲ್ಲಿಸುತ್ತಾರೆ. ಕಪಾಟು ಖಾಲಿಯಾಗುತ್ತದೆ. ಕಪಾಟು ಖಾಲಿ ಕಂಡ ಗಿರಾಕಿ ಮತ್ತೆ ಬರುವುದಿಲ್ಲ.

ಇನ್ನೊಂದು ವಿಷಯ. ಅಕ್ಕಿ ಮೂಟೆ ಆರು ತಿಂಗಳು ಗೋಡೌನಿನಲ್ಲಿ ಇದ್ದರೂ ಅಕ್ಕಿಯೇ. ಹೋದ ವರ್ಷದ ಫ್ಯಾಷನ್ನಿನ ಬಟ್ಟೆ ಈ ವರ್ಷ ಬಟ್ಟೆ ಅಲ್ಲ, ಬರೀ ತೂಕ. ಅಂಗಡಿಯ ಬಾಗಿಲು ತೆರೆದಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಮುಚ್ಚಿದ ಮರುದಿನದಿಂದ ನಮ್ಮ ಭದ್ರತೆ ಕರಗಲು ಶುರು.

ವಿಶಾಲ್‌ನ ವಿಷಯದಲ್ಲಿ ಬ್ಯಾಂಕುಗಳು ಕೂತು ಮಾತಾಡಿದವು. 2011ರಲ್ಲಿ ವ್ಯಾಪಾರವನ್ನು ಟಿಪಿಜಿ ಅನ್ನುವ ಅಮೆರಿಕದ ಹೂಡಿಕೆ ಕಂಪನಿಗೂ ಶ್ರೀರಾಮ್ ಸಮೂಹಕ್ಕೂ ಸುಮಾರು 70 ಕೋಟಿಗೆ ಮಾರಲಾಯಿತು. ಬ್ಯಾಂಕುಗಳು ದೊಡ್ಡ ಮೊತ್ತ ಬಿಟ್ಟುಕೊಟ್ಟವು. ಕಟ್ಟಿದ ಅಗರ್ವಾಲರ ಕೈ ತಪ್ಪಿತು. ಅವರು ಆಮೇಲೆ ವಿ2 ಅಂತ ಮತ್ತೆ ಮೊದಲಿಂದ ಶುರು ಮಾಡಿದರು ಅನ್ನಿ, ಆ ಛಲ ಬೇರೆ ಕಥೆ. ಕೆಲವು ಅಂಗಡಿಗಳು ಮುಚ್ಚಿದವು, ಅಲ್ಲಿಯವರು ಕೆಲಸ ಕಳೆದುಕೊಂಡರು. ಆದರೆ ಅಂಗಡಿಗಳ ಸರಪಳಿ ನಡೆಯುತ್ತಿದ್ದಾಗಲೇ ಕೈ ಬದಲಾಯಿತು. ಅದೇ ವಿಶಾಲ್ ಮೆಗಾ ಮಾರ್ಟ್ 2024ರ ಡಿಸೆಂಬರಿನಲ್ಲಿ 8,000 ಕೋಟಿ ರೂಪಾಯಿಯ ಷೇರು ಮಾರಾಟಕ್ಕೆ ಬಂತು. 70 ಕೋಟಿಗೆ ಹೋದದ್ದು!

ಮಾರನೇ ವರ್ಷ, 2012ರಲ್ಲಿ, ಸಾಲದ ಭಾರ ಇಳಿಸಿಕೊಳ್ಳಲು ಬಿಯಾನಿ ಪ್ಯಾಂಟಲೂನ್ಸ್ ಅಂಗಡಿಗಳನ್ನು ಆದಿತ್ಯ ಬಿರ್ಲಾ ಸಮೂಹಕ್ಕೆ ಬಿಟ್ಟುಕೊಟ್ಟರು. ಸುಮಾರು 1,600 ಕೋಟಿಯ ವ್ಯವಹಾರ, ಅದರಲ್ಲಿ ಅರ್ಧ ಸಾಲದ ವರ್ಗಾವಣೆ. ಚೊಚ್ಚಲ ಮಗುವನ್ನು ಕೊಟ್ಟ ಹಾಗೆ ಅಂತ ಆಗ ಜನ ಆಡಿಕೊಂಡರು. ಅಲ್ಲೂ ವ್ಯಾಪಾರ ಇಡಿಯಾಗಿ ಹೋಯಿತು. ಗಿರಾಕಿಗೆ ಬಿಲ್ಲಿನ ಮೇಲಿನ ಕಂಪನಿ ಹೆಸರು ಬದಲಾದದ್ದೂ ಗೊತ್ತಾಗಿರಲಿಕ್ಕಿಲ್ಲ.

ಮೂರನೆಯದು ಹಾಗಾಗಲಿಲ್ಲ.

ಬಿಯಾನಿಯವರ ಬಳಿ ಉಳಿದದ್ದು ಬಿಗ್ ಬಜಾರ್ ಇದ್ದ ಫ್ಯೂಚರ್ ರೀಟೇಲ್, ಸೆಂಟ್ರಲ್ ಮತ್ತು ಬ್ರಾಂಡ್ ಫ್ಯಾಕ್ಟರಿ ಇದ್ದ ಫ್ಯೂಚರ್ ಲೈಫ್‌ಸ್ಟೈಲ್ ಫ್ಯಾಷನ್ಸ್, ಇನ್ನೂ ಕೆಲವು. ಮತ್ತೆ ಸಾಲ ಬೆಳೆದಿತ್ತು. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದ್ದವು, ಬಾಡಿಗೆ ಮತ್ತು ಬಡ್ಡಿ ಓಡುತ್ತಿದ್ದವು. ಆ ವರ್ಷದ ಆಗಸ್ಟಿನಲ್ಲಿ 24,713 ಕೋಟಿಗೆ ಎಲ್ಲವನ್ನೂ ರಿಲಯನ್ಸಿಗೆ ಮಾರುವ ಒಪ್ಪಂದವಾಯಿತು. 2019ರಲ್ಲೇ ಸಮೂಹದ ಇನ್ನೊಂದು ಕಂಪನಿಯಲ್ಲಿ ಹಣ ಹಾಕಿದ್ದ ಅಮೆಜಾನ್, ನಮ್ಮ ಒಪ್ಪಂದದ ಪ್ರಕಾರ ಹೀಗೆ ಮಾರುವ ಹಾಗಿಲ್ಲ ಅಂತ ಸಿಂಗಾಪುರದ ಪಂಚಾಯ್ತಿಗೆ ಹೋಯಿತು. ತಡೆಯಾಜ್ಞೆ ಬಂತು. ದೆಹಲಿ, ಸುಪ್ರೀಂ ಕೋರ್ಟು, ಸಿಸಿಐ ಅಂತ ಕೇಸು ಅಲೆಯಿತು. ಎರಡು ದೊಡ್ಡ ಆನೆಗಳ ಕಾಳಗ. ತುಳಿತಕ್ಕೆ ಸಿಕ್ಕಿದ್ದು ಹುಲ್ಲು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಬಾಡಿಗೆ ಕಟ್ಟಲಾಗದ ಅಂಗಡಿಗಳ ಲೀಸನ್ನು ರಿಲಯನ್ಸ್ ಕಂಪನಿಗಳು ಕಟ್ಟಡದ ಮಾಲೀಕರಿಂದ ತಮ್ಮ ಹೆಸರಿಗೆ ಮಾಡಿಕೊಂಡು ಫ್ಯೂಚರ್‌ಗೇ ಒಳಬಾಡಿಗೆಗೆ ಕೊಟ್ಟಿದ್ದವು. ಕೇಸು ಮುಗಿಯಲಿಲ್ಲ, ಬಾಡಿಗೆ ಬರಲಿಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ಜಾಗಗಳನ್ನು ವಶಕ್ಕೆ ತೆಗೆದುಕೊಳ್ಳಲು ಶುರು ಮಾಡಿದರು. ಮೊದಲ ಕಂತಿನಲ್ಲೇ ಸುಮಾರು 200 ಅಂಗಡಿ. ಮಾರ್ಚಿನೊಳಗೆ ಇನ್ನೂ ನೂರಾರು ಲೀಸುಗಳಿಗೆ ನೋಟಿಸು. ಬೆಳಿಗ್ಗೆ ಹೋದ ಗಿರಾಕಿಗೆ ಬಿಗ್ ಬಜಾರ್ ಬಾಗಿಲು ಮುಚ್ಚಿತ್ತು.

ಬ್ಯಾಂಕುಗಳ ಹಿಡಿತ ಇದ್ದದ್ದು ಸರಕಿನ ಮೇಲೆ, ಜಾಗದ ಮೇಲಲ್ಲ. ಜಾಗ ಹೋದ ಮೇಲೆ ಸರಕಿಗೆ ಎಲ್ಲಿಯ ಬೆಲೆ? ಏಪ್ರಿಲ್‌ನಲ್ಲಿ ರಿಲಯನ್ಸ್ ಒಪ್ಪಂದ ಮತಕ್ಕೆ ಬಂದಾಗ ಫ್ಯೂಚರ್ ರೀಟೇಲಿನ ಭದ್ರತೆಯುಳ್ಳ ಸಾಲಗಾರರಲ್ಲಿ ಶೇಕಡ 69ರಷ್ಟು ಮತ ವಿರೋಧವಾಗಿ ಬಿತ್ತು. ಒಪ್ಪಂದ ಬಿದ್ದುಹೋಯಿತು. ಬ್ಯಾಂಕ್ ಆಫ್ ಇಂಡಿಯಾ ಅರ್ಜಿ ಹಾಕಿತು, 2022ರ ಜುಲೈ 20ರಂದು ಎನ್‌ಸಿಎಲ್‌ಟಿ ದಿವಾಳಿ ಪ್ರಕ್ರಿಯೆಗೆ ಒಪ್ಪಿತು. ಫ್ಯೂಚರ್ ಲೈಫ್‌ಸ್ಟೈಲ್ ಫ್ಯಾಷನ್ಸ್ ಸರದಿ 2023ರ ಮೇ ತಿಂಗಳಲ್ಲಿ. ಫ್ಯೂಚರ್ ರೀಟೇಲನ್ನು ಉಳಿಸಿಕೊಳ್ಳುವ ಯೋಜನೆ ಯಾವುದೂ ಪಾರಾಗದೆ 2024ರ ಜುಲೈನಲ್ಲಿ ಲಿಕ್ವಿಡೇಷನ್, ಅಂದರೆ ಪೂರ್ತಿ ವಿಲೇವಾರಿಗೆ ಆದೇಶವಾಯಿತು.

ದಿನಾಂಕಗಳನ್ನು ಮತ್ತೆ ನೋಡಿ. ಅಂಗಡಿ ಹೋದದ್ದು 2022ರ ಮೊದಲ ತಿಂಗಳುಗಳಲ್ಲಿ. ದಿವಾಳಿಯ ಕೋರ್ಟು ಕೂತದ್ದು ಜುಲೈನಲ್ಲಿ. ವಿಲೇವಾರಿ ಎರಡು ವರ್ಷದ ಮೇಲೆ. ಕಾನೂನು ಬಂದು ಬಾಗಿಲು ತಟ್ಟುವಾಗ ಬಾಗಿಲೇ ಬೇರೆಯವರದಾಗಿತ್ತು. ವಶಕ್ಕೆ ತೆಗೆದುಕೊಂಡ ಅಂಗಡಿಗಳ ಕೆಲಸಗಾರರಿಗೆ ರಿಲಯನ್ಸ್ ಕೆಲಸ ಕೊಡಲು ಮುಂದಾಗಿದೆ ಅಂತ ಆಗ ಪತ್ರಿಕೆಗಳಲ್ಲಿ ಬಂತು. ಕೆಲಸ ಸಿಕ್ಕಿದವರಿಗೆ ಒಳ್ಳೆಯದೇ. ಆದರೆ ಕೆಲಸ ಸಿಗುವುದು ಬೇರೆ, ಕೆಲಸ ಮುಂದುವರಿಯುವುದು ಬೇರೆ.

ಯಾಕೆ ಅಂತ ಹೇಳುತ್ತೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 25 ಎಫ್‌ಎಫ್ ಅಂತ ಒಂದು ಕಲಂ ಇತ್ತು. ವ್ಯಾಪಾರ ಇಡಿಯಾಗಿ ಇನ್ನೊಬ್ಬರ ಕೈಗೆ ಹೋದಾಗ ಕೆಲಸಗಾರರ ಸೇವೆ ತುಂಡಾಗಬಾರದು, ಷರತ್ತುಗಳು ಮೊದಲಿಗಿಂತ ಕಡಿಮೆಯಾಗಬಾರದು, ಇಲ್ಲದಿದ್ದರೆ ಪರಿಹಾರ ಕೊಡಬೇಕು ಅಂತ. ಬರೀ ಜಾಗದ ಲೀಸು ಕೈ ಬದಲಾದರೆ ಅದು ವ್ಯಾಪಾರದ ವರ್ಗಾವಣೆ ಅಂತ ಸಾಧಿಸುವುದು ಕಷ್ಟ. ಅದೇ ಅಂಗಡಿ, ಅದೇ ಕೌಂಟರ್, ಅದೇ ಹುಡುಗಿ. ಆದರೆ ಕಾಗದದ ಮೇಲೆ ಹೊಸ ನೇಮಕಾತಿ. ಹನ್ನೊಂದು ವರ್ಷ ದುಡಿದವಳೂ ಸೊನ್ನೆಯಿಂದ ಶುರು.

ಇನ್ನೊಂದು ಮಾತು. ಕಲ್ಕತ್ತೆಗೆ ಮುಚ್ಚುವುದು ಹೊಸದಲ್ಲ. ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳ ಗೇಟಿನಲ್ಲಿ ನೋಟಿಸು, ಕೆಂಪು ಬಾವುಟ, ಧರಣಿ, ಇವನ್ನೆಲ್ಲ ನಾನು ಬಂದಾಗಿನಿಂದ ನೋಡಿದ್ದೇನೆ. ಕೇಂದ್ರ ಕಾಯ್ದೆಯ ಪ್ರಕಾರ ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ 300 ಆಗಿದೆ. ಆದರೆ ಹಳೆಯದರಲ್ಲೂ ಹೊಸದರಲ್ಲೂ ಈ ಅನುಮತಿಯ ನಿಯಮ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಬಟ್ಟೆ ಅಂಗಡಿಗೆ ಇಲ್ಲ. ಸಾವಿರ ಅಂಗಡಿಗಳಲ್ಲಿ ಹರಡಿಕೊಂಡ ಜನ ಒಂದು ಗೇಟಿನ ಮುಂದೆ ಕೂಡುವುದೂ ಇಲ್ಲ. ಹಾಗಾಗಿ ಗಿರಣಿ ಮುಚ್ಚಿದರೆ ಸುದ್ದಿ, ಅಂಗಡಿ ಮುಚ್ಚಿದರೆ 'ಸೇಲ್'.

ಈಗ ನನ್ನ ಮಾತಿಗೆ ಬರುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದೆ, ಮೇಲೆ ಹೇಳಿದ ಯಾವ ಕಂಪನಿಗೂ ಸೇರದ, ಈ ಊರಿನದೇ ಒಂದು ಬಟ್ಟೆ ಅಂಗಡಿ ಸಾಲ ಕಟ್ಟಲಾಗದೆ ನಿಂತಿತು. ನಾಲ್ಕು ಶಾಖೆ. ಹೆಸರು ಬೇಡ. ಸರ್ಫೇಸಿ ಕಾಯ್ದೆಯಡಿ ಸರಕು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿನಿಂದ ನಾವು ಮೂವರು ಹೋದೆವು. ಸರಕು ಎಣಿಸಬೇಕು. ಶರ್ಟು ಎಷ್ಟು, ಸೀರೆ ಎಷ್ಟು, ಯಾವ ಡಬ್ಬದಲ್ಲಿ ಏನಿದೆ, ನಮಗೇನು ಗೊತ್ತು? ಮಾಲೀಕರು ಫೋನ್ ಎತ್ತುತ್ತಿಲ್ಲ. ಮಕ್ಕಳ ಬಟ್ಟೆ ವಿಭಾಗದ ಒಬ್ಬ ಹೆಂಗಸು ತಾನಾಗಿ ಬಂದು ನಿಂತರು. ನಲವತ್ತರ ಆಸುಪಾಸು. ಮೂರು ದಿನ ಬೆಳಿಗ್ಗೆ ಹತ್ತಕ್ಕೆ ಬಂದು, ಏಣಿ ಹತ್ತಿ ಇಳಿದು, ಒಂದೊಂದು ಡಬ್ಬವನ್ನೂ ತೆಗೆದು ತೋರಿಸಿ, ಮತ್ತೆ ಮಡಚಿ ಇಟ್ಟರು. ಜಪ್ತಿಯಾದ ಬಟ್ಟೆಯನ್ನು ಯಾಕಷ್ಟು ನೀಟಾಗಿ ಮಡಚುತ್ತೀರಿ ದೀದಿ ಅಂತ ನಮ್ಮ ಹುಡುಗ ಕೇಳಿದ. 'ಅಭ್ಯಾಸ' ಅಂದರು ಅಷ್ಟೇ.

ಮೂರನೇ ದಿನ ಸಂಜೆ ಶಟರ್ ಎಳೆದು ಸೀಲ್ ಹಾಕುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು: ಸಾರ್, ಹಳೇ ಸಂಬಳದ ವಿಷಯ ಮಾಲೀಕರ ಹತ್ತಿರ ಕೇಳ್ತೀನಿ, ಅದು ಬಿಡಿ. ಈ ಮೂರು ದಿನ ನಿಮ್ಮ ಕೆಲಸ ಮಾಡಿದೆನಲ್ಲ, ಇದರದ್ದು ಯಾರು ಕೊಡ್ತಾರೆ?

ನಾನು 'ಮೇಲಿನವರನ್ನು ಕೇಳಿ ಹೇಳ್ತೀನಿ' ಅಂದೆ. ಕೇಳಲಿಲ್ಲ. ಕೇಳಿದರೆ ಯಾವ ಹೆಡ್ಡಿನಲ್ಲಿ ಖರ್ಚು ಹಾಕುವುದು ಅಂತ ನನ್ನನ್ನೇ ಕೇಳುತ್ತಾರೆ ಅನ್ನುವುದು ಗೊತ್ತಿತ್ತು. ಬೀಗದ ಖರ್ಚಿಗೆ ಹೆಡ್ ಇತ್ತು. ಕಾವಲುಗಾರನ ಖರ್ಚಿಗೆ ಇತ್ತು. ಜೇಬಿನಿಂದ ಕೊಡಬಹುದಿತ್ತು, ಅದೂ ಹೊಳೆಯಲಿಲ್ಲ. ಇದು ಕಂಪನಿಯ ತಪ್ಪೂ ಅಲ್ಲ, ಬ್ಯಾಂಕಿನ ತಪ್ಪೂ ಅಲ್ಲ. ನನ್ನದು.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಾಗ ಟ್ರೈನಿಂಗಿಗೆ ಕಳಿಸಿದರು. 53ನೇ ಕಲಂ ಓದುವಾಗ ಆ ಹೆಂಗಸು ನೆನಪಾದರು. ವಿಲೇವಾರಿಯಲ್ಲಿ ಬಂದ ದುಡ್ಡು ಯಾರಿಗೆ ಮೊದಲು ಅನ್ನುವ ಕ್ಯೂ ಅದು. ಎಲ್ಲಕ್ಕಿಂತ ಮೊದಲು ಪ್ರಕ್ರಿಯೆಯ ಖರ್ಚು. ಎರಡನೆಯದು ಕಾರ್ಮಿಕರ 24 ತಿಂಗಳ ಬಾಕಿ, ತಮ್ಮ ಭದ್ರತೆಯನ್ನು ಒಟ್ಟು ರಾಶಿಗೆ ಬಿಟ್ಟುಕೊಟ್ಟ ಬ್ಯಾಂಕುಗಳ ಜೊತೆ ಸರಿಸಮ. ಆಮೇಲೆ ಇತರ ನೌಕರರ 12 ತಿಂಗಳ ಬಾಕಿ. ಸರ್ಕಾರದ ತೆರಿಗೆ ಕೂಡ ಇವರ ಹಿಂದೆ. ಪಿಎಫ್, ಗ್ರಾಚುಟಿ ನಿಧಿಯ ಹಣ ಈ ರಾಶಿಗೆ ಸೇರುವುದೇ ಇಲ್ಲ. ಓದಲು ಚೆನ್ನಾಗಿದೆ. ಆದರೆ ಈ ಕ್ಯೂನಲ್ಲಿ ನಿಲ್ಲಲು ಅರ್ಜಿ ಹಾಕಬೇಕು, ನಿಗದಿತ ದಿನದೊಳಗೆ, ದಾಖಲೆ ಸಮೇತ. ಕಂಟ್ರಾಕ್ಟರ್ ಕಳಿಸಿದ ಹುಡುಗಿಗೆ ಕಂಪನಿಯ ಹೆಸರಿನ ಸಂಬಳ ಚೀಟಿಯೇ ಇರುವುದಿಲ್ಲ. ಮತ್ತು ರಾಶಿಯೇ ಕರಗಿದ್ದರೆ ಕ್ಯೂನಲ್ಲಿ ಎಷ್ಟನೆಯವರಾದರೇನು?

2022ರ ಏಪ್ರಿಲಿನಲ್ಲಿ, ಫ್ಯೂಚರ್ ಒಪ್ಪಂದ ಮುರಿದ ಅದೇ ತಿಂಗಳು, ಎಬಿಜಿ ಶಿಪ್‌ಯಾರ್ಡ್ ಕೆಲಸಗಾರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ದಿವಾಳಿ ಪ್ರಕ್ರಿಯೆ ನಡೆಯುವಾಗ ಕಂಪನಿ ನಡೆಯುತ್ತಿದ್ದು, ಆಗ ನಿಜವಾಗಿ ಕೆಲಸ ಮಾಡಿದವರ ಸಂಬಳ ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಅಂದರೆ ಎಲ್ಲರಿಗಿಂತ ಮೊದಲು ಕೊಡಬೇಕು. ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ. ನಮ್ಮದು ಬೇರೆ ಕಾಯ್ದೆ, ಈ ತೀರ್ಪು ಆ ಮೂರು ದಿನಕ್ಕೆ ಅನ್ವಯವಾಗುವುದಿಲ್ಲ. ಆದರೂ ಆಕೆ ಕೇಳಿದ ಪ್ರಶ್ನೆ ಸರಿಯಾಗಿತ್ತು ಅನ್ನುವುದು ಖಾತ್ರಿಯಾಯಿತು. ಖರ್ಚಿಗೆ ಹೆಡ್ ಇರಬೇಕಿತ್ತು, ಮೊದಲನೇ ಹೆಡ್ಡೇ ಅದಾಗಬೇಕಿತ್ತು.

ಮೂರು ಅಂಗಡಿ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಅಂಗಡಿ ಸೋಲುವುದು ತಪ್ಪಲ್ಲ, ವ್ಯಾಪಾರ ಅಂದ ಮೇಲೆ ಸೋಲೂ ಇದೆ. ಬಾಗಿಲು ತೆರೆದಿದ್ದಾಗಲೇ, ಜನ ಒಳಗಿದ್ದಾಗಲೇ, ಸೋಲು ಒಪ್ಪಿಕೊಂಡು ಕೈ ಬದಲಾಯಿಸಿದರೆ ಹೆಚ್ಚಿನ ಕೆಲಸ ಉಳಿಯುತ್ತದೆ, ಒಮ್ಮೊಮ್ಮೆ ಬ್ಯಾಂಕಿನ ದುಡ್ಡೂ ಉಳಿಯುತ್ತದೆ. ವಿಶಾಲ್, ಪ್ಯಾಂಟಲೂನ್ಸ್ ಅದಕ್ಕೆ ಸಾಕ್ಷಿ. ನನ್ನ ಒಪ್ಪಂದ ದೊಡ್ಡದು, ನಿನ್ನ ಒಪ್ಪಂದ ದೊಡ್ಡದು ಅಂತ ಎರಡು ವರ್ಷ ಕಾದಾಡಿದರೆ ಗೆದ್ದವರಿಗೂ ಸಿಗುವುದು ಖಾಲಿ ಕಪಾಟು. ಸರಕಿನ ಹಾಗೆ ಜನರ ಅನುಭವಕ್ಕೂ ಬಾಗಿಲು ತೆರೆದಿರುವವರೆಗೆ ಮಾತ್ರ ಬೆಲೆ ಕಟ್ಟುವ ವ್ಯವಸ್ಥೆ ನಮ್ಮದು.

ಅಂದ ಹಾಗೆ, 1996ರಲ್ಲಿ ಎಬ್ಬಿಸಿದ ಗರಿಯಾಹಾಟಿನ ಹಾಕರ್‌ಗಳು ಕ್ರಮೇಣ ಮರಳಿ ಬಂದರು, ಇವತ್ತೂ ಇದ್ದಾರೆ. ಅವರಿಗೆ ಪಿಎಫ್ ಇಲ್ಲ, 53ನೇ ಕಲಂ ಇಲ್ಲ. ಅಂಥ ಒಂದು ಕಡೆ ಮಕ್ಕಳ ಫ್ರಾಕುಗಳನ್ನು ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಚಿ ಇಟ್ಟದ್ದು ಕಂಡರೆ ನಾನು ಒಂದು ಕ್ಷಣ ನಿಂತು, ಮಾರುವವರ ಮುಖ ನೋಡುತ್ತೇನೆ. ಇಲ್ಲಿಯವರೆಗೆ ಆಕೆ ಸಿಕ್ಕಿಲ್ಲ.

ನಿಮ್ಮ ಊರಿನಲ್ಲೂ ಹೀಗೆ ಮುಚ್ಚಿದ ಅಂಗಡಿ ಇರಬಹುದು. ಅಲ್ಲಿ ನಿಮಗೆ ಬಟ್ಟೆ ತೆಗೆದು ತೋರಿಸುತ್ತಿದ್ದವರು ಈಗ ಎಲ್ಲಿದ್ದಾರೆ, ನಿಮಗೇನಾದರೂ ಗೊತ್ತೇ?